ಸೀನನ ಮನೆಗೆ ಸಮುದ್ರ

ಸೀನನಿಗೆ ಏನೇ ಹೊಳೆದರೂ ಶನಿವಾರ ಹೊಳೆಯುತ್ತದೆ, ಭಾನುವಾರ ಆಗಿಬಿಡಬೇಕು. ಈ ಸಲ ಹೊಳೆದದ್ದು ಸಮುದ್ರ.

"ಮನೆಯಲ್ಲಿ ರೀಫ್ ಟ್ಯಾಂಕ್ ಇಡುತ್ತಿದ್ದೇನೆ. ಉಪ್ಪುನೀರು, ಹವಳ, ಬಿಳಿ ಪಟ್ಟೆಯ ಕಿತ್ತಳೆ ಮೀನು, ಎಲ್ಲಾ. ನಾಳೆ ಹೋಗಿ ಮೀನು ತರೋಣ ಬನ್ನಿ" ಎಂದ.

ಪ್ರಭಣ್ಣ ಕನ್ನಡಕ ತೆಗೆದು ಒರೆಸತೊಡಗಿದರು. ಅವರ ಮನೆಯಲ್ಲಿ ಇಂಥ ಟ್ಯಾಂಕು ಎಷ್ಟೋ ವರ್ಷಗಳಿಂದ ಇದೆ. ಕನ್ನಡಕ ಕೈಗೆ ಬಂತು ಅಂದರೆ ಮಾತು ಉದ್ದ ಅಂತಲೇ ಅರ್ಥ.

"ಟ್ಯಾಂಕು ಎಷ್ಟು ದೊಡ್ಡದು?"

"ಚಿಕ್ಕದೇ ಪ್ರಭಣ್ಣ, ನಾನು ಹೊಸಬ ಅಲ್ವಾ. 20 ಲೀಟರ್. ಪುಸ್ತಕದ ಶೆಲ್ಫ್ ಮೇಲೆ ಕೂರುತ್ತದೆ."

"ಹೊಸಬನಿಗೇ ಚಿಕ್ಕದು ಕಷ್ಟ. ನೀರು ಕಡಿಮೆ ಇದ್ದಷ್ಟೂ ಎಲ್ಲವೂ ಬೇಗ ಏರುಪೇರಾಗುತ್ತದೆ. ಬಿಸಿ ಬೇಗ ಏರುತ್ತದೆ, ಉಪ್ಪು ಬೇಗ ಏರುತ್ತದೆ. 150, 200 ಲೀಟರ್ ಇದ್ದರೆ ತಪ್ಪು ಗೊತ್ತಾಗಿ ಸರಿಮಾಡೋಕೆ ಒಂದಿಷ್ಟು ಹೊತ್ತಾದರೂ ಸಿಗುತ್ತದೆ."

"200 ಲೀಟರ್ ಅಂದರೆ ತೂಕ?" ಎಂದ ಗೋಪಿ. ಇವನಿಗೆ ಯಾವ ಉತ್ಸಾಹ ಕಂಡರೂ ಮೊದಲು ತೂಕ ಹಾಕಬೇಕು.

"ಬರೀ ನೀರೇ 205 ಕಿಲೋ. ಉಪ್ಪುನೀರು ಸಿಹಿನೀರಿಗಿಂತ ಸ್ವಲ್ಪ ಭಾರ. ಗಾಜು, ಕಲ್ಲು, ಮರಳು, ಸ್ಟ್ಯಾಂಡು ಸೇರಿಸಿದರೆ 300 ದಾಟಬಹುದು."

"ಹಾಗಾದರೆ ಶೆಲ್ಫ್ ಮೇಲೆ ಟ್ಯಾಂಕು ಕೂರೋದಿಲ್ಲ ಬಿಡು, ಶೆಲ್ಫೇ ಕೂರುತ್ತದೆ."

"ಗಟ್ಟಿ ಸ್ಟ್ಯಾಂಡ್ ಬೇಕು. ಮಟ್ಟ ಸರಿ ಇರಬೇಕು. ಕಿಟಕಿ ಪಕ್ಕ ಬೇಡ, ಬಿಸಿಲು ಬಿದ್ದರೆ ನೀರು ಕಾಯುತ್ತದೆ, ಪಾಚಿ ಹಬ್ಬುತ್ತದೆ" ಎಂದರು ಪ್ರಭಣ್ಣ.

ಸೀನ ಸೋಲಲಿಲ್ಲ. "ಆಯ್ತು, ದೊಡ್ಡದೇ ತರುತ್ತೇನೆ. ನಲ್ಲಿ ನೀರು ತುಂಬಿಸಿ ಉಪ್ಪು ಹಾಕುತ್ತೇನೆ. ಅಡುಗೆಮನೆಯಲ್ಲಿ ಇದ್ದೇ ಇದೆ."

ನಳಿನಿ ಅಲ್ಲಿಯವರೆಗೆ ಸುಮ್ಮನಿದ್ದಳು. ಅವಳು ಕಲಿಸುವುದು ರಸಾಯನಶಾಸ್ತ್ರ. ನಲ್ಲಿ ನೀರಿಗೆ ಅಡುಗೆ ಉಪ್ಪು ಅಂದದ್ದು ಕೇಳಿ ಅವಳಿಗೆ ತಡೆಯಲಾಗಲಿಲ್ಲ.

"ಅಡುಗೆ ಉಪ್ಪಿನಲ್ಲಿರೋದು ಬಹುಪಾಲು ಸೋಡಿಯಂ ಕ್ಲೋರೈಡ್ ಒಂದೇ ಕಣೋ. ಸಮುದ್ರದಲ್ಲಿ ಮೆಗ್ನೀಸಿಯಂ ಇದೆ, ಕ್ಯಾಲ್ಸಿಯಂ ಇದೆ, ಪೊಟ್ಯಾಸಿಯಂ, ಸಲ್ಫೇಟ್, ಬೈಕಾರ್ಬನೇಟ್ ಎಲ್ಲಾ ಇವೆ. ಅದಕ್ಕೇ ಅಂತ ರೀಫ್ ಸಾಲ್ಟ್ ಸಿಗುತ್ತದೆ. ಅದನ್ನು ನಲ್ಲಿ ನೀರಿಗೆ ಹಾಕಿದರೆ ಪ್ರಯೋಜನವಿಲ್ಲ. ನಲ್ಲಿ ನೀರಿನ ಫಾಸ್ಫೇಟ್, ಸಿಲಿಕೇಟ್ ಪಾಚಿಗೆ ಹಬ್ಬ. ಪೈಪಿನಿಂದ ತಾಮ್ರ ಬಂದರೆ ಸೀಗಡಿ, ಬಸವನಹುಳು, ಹವಳ ಎಲ್ಲಕ್ಕೂ ವಿಷ. ಆರ್‌ಓ ಆದಮೇಲೆ ಡಿಐ ಅಂತ, ಉಳಿದ ಅಯಾನುಗಳನ್ನೂ ತೆಗೆಯುವ ಇನ್ನೊಂದು ಹಂತ ದಾಟಿಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಿದ ನೀರು ಬೇಕು."

"ಅಷ್ಟೆಲ್ಲ ಸೋಸಿ, ಎಲ್ಲವನ್ನೂ ತೆಗೆದು, ಆಮೇಲೆ ಅದಕ್ಕೇ ಎಲ್ಲವನ್ನೂ ಹಾಕೋದಾ?"

"ಹೌದು. ಬೇಕಾದ್ದು ಮಾತ್ರ. ಲೀಟರಿಗೆ ಹತ್ತಿರ ಹತ್ತಿರ 35 ಗ್ರಾಂ. ನಿನ್ನ 200 ಲೀಟರಿಗೆ ಏಳೆಂಟು ಕಿಲೋ."

"ನಾಲಿಗೆಗೆ ಹಚ್ಚಿ ನೋಡಿದರೆ ಸಾಕಲ್ವಾ?"

"ಸಾಲದು. ರಿಫ್ರ್ಯಾಕ್ಟೋಮೀಟರ್ ಅಂತ ಪುಟ್ಟ ದುರ್ಬೀನು ಇದೆ. ಎರಡು ಹನಿ ಹಾಕಿ ಬೆಳಕಿಗೆ ಹಿಡಿದರೆ ನೀರಿನ ಸಾಪೇಕ್ಷ ಸಾಂದ್ರತೆ 1.025 ಅಥವಾ 1.026 ಕಾಣಬೇಕು."

ಪ್ರಭಣ್ಣ ಇಲ್ಲಿ ಮಧ್ಯೆ ಬಂದರು. ಹೊಸಬರು ಎಲ್ಲಿ ಜಾರುತ್ತಾರೆ ಅಂತ ಅವರಿಗೆ ಗೊತ್ತು. "ನೀರು ದಿನಾ ಆವಿಯಾಗಿ ಇಳಿಯುತ್ತದೆ. ಆಗ ಏನು ಸುರಿಯುತ್ತೀಯ?"

"ಉಪ್ಪುನೀರು."

"ಅಲ್ಲೇ ಎಡವೋದು. ಹೋಗಿದ್ದು ನೀರು ಮಾತ್ರ, ಉಪ್ಪು ಒಳಗೇ ಇದೆ. ಮೇಲೆ ಮತ್ತೆ ಉಪ್ಪುನೀರು ಸುರಿದರೆ ಒಂದು ತಿಂಗಳಲ್ಲಿ ಮೀನು ಉಪ್ಪಿನಕಾಯಿ. ಸಿಹಿನೀರನ್ನೇ ತುಂಬಬೇಕು. ಮಟ್ಟ ಇಳಿದ ಹಾಗೆ ತಾನೇ ತುಂಬುವ ಯಂತ್ರವೂ ಇದೆ. ನನ್ನನ್ನು ಕೇಳಿದರೆ ದೀಪಕ್ಕಿಂತ ಮೊದಲು ಅದನ್ನು ತಗೋ."

"ಸರಿ, ನೀರು ಆಯ್ತು. ಈಗ ಮೀನು" ಎಂದ ಸೀನ.

"ಈಗ ಕಲ್ಲು" ಎಂದರು ಪ್ರಭಣ್ಣ.

ಕಲ್ಲಿನ ವಿಷಯಕ್ಕೆ ಬಂದರೆ ಪ್ರಭಣ್ಣನನ್ನು ನಿಲ್ಲಿಸುವುದು ಕಷ್ಟ. ನನಗೂ ಅದು ಇಷ್ಟವೇ, ಆದ್ದರಿಂದ ಯಾರೂ ನಿಲ್ಲಿಸಲಿಲ್ಲ. ಲೈವ್ ರಾಕ್ ಅಂದರೆ ಸತ್ತ ಹವಳದ ಅಸ್ಥಿಪಂಜರ, ಮೈತುಂಬ ರಂಧ್ರ. ಜೀವ ಇರುವುದು ಕಲ್ಲಿಗಲ್ಲ, ಅದರ ಸಂದಿಗೊಂದಿಯಲ್ಲಿ ವಾಸ ಮಾಡುವ ಬ್ಯಾಕ್ಟೀರಿಯಾ, ಹುಳು, ಸ್ಪಂಜುಗಳಿಗೆ. ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬವರು ಬರೀ ಇಂಥ ಕಲ್ಲು, ಸಮುದ್ರದ ನೀರು, ಬಿಸಿಲು, ಗಾಳಿಗುಳ್ಳೆ ಇಟ್ಟುಕೊಂಡು ಹವಳ ಸಾಕಿ, 1961ರಲ್ಲಿ ಅದರ ಬಗ್ಗೆ ಬರೆದರು. ಇವತ್ತಿನ ರೀಫ್ ಟ್ಯಾಂಕಿಗೆ ಅದೂ ಒಂದು ಬುನಾದಿ.

"ಕಲ್ಲಿನ ಜೊತೆ ಕರೆಯದ ನೆಂಟರೂ ಬರುತ್ತಾರೆ" ಎಂದರು ಪ್ರಭಣ್ಣ. "ರಾತ್ರಿ ಟ್ಯಾಂಕಿನಿಂದ ಟಕ್, ಟಕ್ ಅಂತ ಸದ್ದು ಬಂತು ಅನ್ನು. ಮ್ಯಾಂಟಿಸ್ ಸೀಗಡಿ ಇರಬಹುದು. ಅದರ ಏಟಿಗೆ ಬಸವನಹುಳದ ಚಿಪ್ಪು ಒಡೆಯುತ್ತದೆ. ದೊಡ್ಡ ಜಾತಿಯದಾದರೆ ಗಾಜೂ ಬಿರುಕು ಬಿಟ್ಟದ್ದುಂಟು. ಇಲ್ಲವಾದರೆ ಆಪ್ಟೇಸಿಯಾ ಅಂತ ಕಂದು ಬಣ್ಣದ ಪುಟ್ಟ ಅನಿಮೋನ್, ಅಂದರೆ ಹೂವಿನಂತೆ ಕಾಣುವ ಪ್ರಾಣಿ, ಬರುತ್ತದೆ. ಚಿವುಟಿದರೆ ಒಂದು ಹೋಗಿ ಹತ್ತಾಗುತ್ತದೆ. ಪೆಪ್ಪರ್‌ಮಿಂಟ್ ಸೀಗಡಿ ಅದನ್ನು ತಿನ್ನುತ್ತದೆ, ಅದಕ್ಕೆ ಮನಸ್ಸು ಬಂದರೆ."

"ಅದಕ್ಕೇನಂತೆ, ಕಲ್ಲನ್ನು ಕುದಿಯುವ ನೀರಿಗೆ ಹಾಕಿ ತೆಗೆದರೆ ಎಲ್ಲಾ ಸಾಯುತ್ತವೆ" ಎಂದ ಗೋಪಿ.

ಪ್ರಭಣ್ಣ ಕನ್ನಡಕ ಹಾಕಿಕೊಂಡೇಬಿಟ್ಟರು. "ಅದೊಂದು ಮಾತ್ರ ಯಾವತ್ತೂ ಮಾಡಬೇಡಿ. ಜೊಯಾಂಥಿಡ್ ಅಂತ ಗುಂಡಿ ಆಕಾರದ ಚೆಂದದ ಪ್ರಾಣಿಗಳಿವೆ, ಹವಳದ ನೆಂಟರು. ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಅನ್ನುವ ವಿಷ ಇರುತ್ತದೆ. ಗೊತ್ತಿರುವ ಅತಿ ಉಗ್ರ ವಿಷಗಳಲ್ಲಿ ಅದೂ ಒಂದು. ಅಂಥ ಕಲ್ಲು ಕುದಿಸಿದರೆ ವಿಷ ಹಬೆಯ ಜೊತೆ ಮನೆಯೆಲ್ಲ ಹರಡುತ್ತದೆ. ಮನೆಮಂದಿ, ನಾಯಿ ಸಮೇತ ಎಲ್ಲರೂ ಹಾಸಿಗೆ ಹಿಡಿದ ಪ್ರಸಂಗಗಳಿವೆ. ಅವನ್ನು ಕತ್ತರಿಸುವಾಗಲೂ ಗ್ಲೌಸ್, ಕನ್ನಡಕ ಬೇಕು."

ಗೋಪಿ ತನ್ನ ಕುರ್ಚಿಯನ್ನು ಸೀನನಿಂದ ಒಂದಡಿ ದೂರ ಎಳೆದುಕೊಂಡ.

"ಭಯ ಆದರೆ ಒಣ ಕಲ್ಲು ತಗೋ. ನೆಂಟರ ಕಾಟ ಇಲ್ಲ. ಆದರೆ ಬ್ಯಾಕ್ಟೀರಿಯಾವನ್ನು ನೀನೇ ಬೆಳೆಸಬೇಕು" ಎಂದಳು ನಳಿನಿ. "ಮೀನಿನ ಗಲೀಜು ಅಮೋನಿಯಾ ಆಗುತ್ತದೆ. ಅದು ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟು ಅಷ್ಟು ಕೆಟ್ಟದ್ದಲ್ಲ, ಆಗಾಗ ಸ್ವಲ್ಪ ನೀರು ಬದಲಾಯಿಸಿದರೆ ಹಿಡಿತದಲ್ಲಿರುತ್ತದೆ. ಈ ಎರಡೂ ಗುಂಪು ಕಲ್ಲಿನ ಮೇಲೆ ನೆಲೆಯಾಗೋಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು."

"ಅಲ್ಲಿಯವರೆಗೆ ಮೀನು?"

"ಇಲ್ಲ. ಬಾಟಲಿಯಿಂದ ಅಮೋನಿಯಾ ಹನಿ ಹಾಕು. ಟೆಸ್ಟ್ ಮಾಡು. ಅಮೋನಿಯಾ, ನೈಟ್ರೈಟ್ ಎರಡೂ 0 ಬಂದಮೇಲೆ ಮಾತಾಡೋಣ."

"ಆರು ವಾರ ಕಲ್ಲು ನೋಡಿಕೊಂಡು ಕೂರೋದಾ? ಬಂದವರು ಏನು ಸಾಕಿದ್ದೀಯ ಅಂತ ಕೇಳಿದರೆ?"

"ಕೋಟಿಗಟ್ಟಲೆ ಜೀವಿಗಳು ಅನ್ನು. ಸುಳ್ಳೇನಲ್ಲ."

ಯಂತ್ರಗಳ ಪಟ್ಟಿ ಕೇಳಿ ಗೋಪಿ ನಗತೊಡಗಿದ. ಹೀಟರು, ಅಲೆ ಎಬ್ಬಿಸುವ ವೇವ್‌ಮೇಕರು, ಟ್ಯಾಂಕಿನ ಕೆಳಗೆ ಸಂಪ್ ಅನ್ನುವ ಇನ್ನೊಂದು ತೊಟ್ಟಿ, ಅದರಲ್ಲಿ ಸ್ಕಿಮ್ಮರು. ಈ ಸ್ಕಿಮ್ಮರು ನೀರಿಗೆ ಸಣ್ಣ ಸಣ್ಣ ಗುಳ್ಳೆ ಹೊಡೆಯುತ್ತದೆ, ಕೊಳೆ ಗುಳ್ಳೆಗೆ ಅಂಟಿ ನೊರೆಯಾಗಿ ಮೇಲಿನ ಬಟ್ಟಲಿಗೆ ಬಂದು ಬೀಳುತ್ತದೆ. ಆ ಬಟ್ಟಲನ್ನು ಖಾಲಿ ಮಾಡುವ ಹೊತ್ತಿಗೆ ಮನೆಯವರೆಲ್ಲ ಬೇರೆ ಕೋಣೆಯಲ್ಲಿದ್ದರೆ ಒಳ್ಳೆಯದು. ವಾಸನೆಯ ಬಗ್ಗೆ ಇಷ್ಟೇ ಹೇಳಬಲ್ಲೆ.

"ಇದೆಲ್ಲ ಇಲ್ಲದ ಕಾಲದಲ್ಲಿ ಯಾರೂ ಹವಳ ಸಾಕಿರಲಿಲ್ವಾ?" ಎಂದ ಸೀನ.

"ಸಾಕಿದ್ದರು" ಎಂದಳು ನಳಿನಿ. "ಇಂಗ್ಲೆಂಡಿನಲ್ಲಿ ಆನಾ ಥಿನ್ ಅಂತ ಒಬ್ಬರು. 1846ರಲ್ಲಿ ಟಾರ್ಕಿ ಕರಾವಳಿಯಿಂದ ಹವಳಗಳನ್ನು ಜಾಡಿಯಲ್ಲಿ ಹಾಕಿಕೊಂಡು ಲಂಡನ್ನಿನ ಮನೆಗೆ ತಂದು ಸಾಕಿದರು. ನೀರಿಗೆ ಗಾಳಿ ಸೇರಬೇಕಲ್ಲ, ಪಂಪ್ ಎಲ್ಲಿತ್ತು? ಮನೆಗೆಲಸದವಳು ತೆರೆದ ಕಿಟಕಿಯ ಮುಂದೆ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಸುರಿಯಬೇಕಿತ್ತು. ದಿನಾ ಅರ್ಧ ಮುಕ್ಕಾಲು ಗಂಟೆ."

"ಅಂದರೆ ಹವ್ಯಾಸ ಒಬ್ಬರದು, ಕೈನೋವು ಇನ್ನೊಬ್ಬರದು" ಎಂದ ಗೋಪಿ. ನಮ್ಮಲ್ಲಿ ಯಾರೂ ಇದಕ್ಕೆ ಉತ್ತರ ಕೊಡಲಿಲ್ಲ.

ಸೀನ ಮನಸ್ಸಿನಲ್ಲೇ ಆರು ವಾರ ದಾಟಿಸಿದ್ದ. "ಸರಿ, ಈಗ?"

"ಈಗ ಎಲ್ಲಾ ಕಂದು ಬಣ್ಣಕ್ಕೆ ತಿರುಗುತ್ತದೆ" ಎಂದರು ಪ್ರಭಣ್ಣ. "ಗಾಜು, ಮರಳು, ಕಲ್ಲು, ಎಲ್ಲಾ. ಡಯಾಟಮ್ ಅನ್ನುವ ಪಾಚಿ. ಅದು ಹೋದಮೇಲೆ ಹಸಿರು ಕೂದಲು ಪಾಚಿ. ಹೊಸ ಟ್ಯಾಂಕು ಕುರೂಪವಾಗುವ ಕಾಲ ಅದು. ಇಲ್ಲೇ ಜಾಸ್ತಿ ಜನ ಔಷಧಿ ಸುರಿದು ಕೆಡಿಸಿಕೊಳ್ಳೋದು. ಸುಮ್ನೆ ಬಿಡು. ಬಸವನಹುಳು, ಸನ್ಯಾಸಿ ಏಡಿ ತಂದು ಬಿಡು, ಅವು ಮೇಯುತ್ತವೆ."

"ಬಸವನಹುಳ ನೋಡೋಕೆ ಇಷ್ಟೆಲ್ಲಾನಾ?"

"ಆಮೇಲೆ ಮೀನು ಬರುತ್ತದೆ ಕಣೋ. ಒಂದೊಂದಾಗಿ. ಒಟ್ಟಿಗೆ ತಂದರೆ ಅಷ್ಟು ಗಲೀಜನ್ನು ಬ್ಯಾಕ್ಟೀರಿಯಾ ತಡೆಯೋದಿಲ್ಲ. ಸಾಧುಗಳು ಮೊದಲು, ಜಗಳಗಂಟರು ಕೊನೆಗೆ. ಡ್ಯಾಮ್ಸೆಲ್ ಮೀನು ಮೊದಲೇ ಬಂತೋ, ಇಡೀ ಟ್ಯಾಂಕು ತನ್ನದು ಅನ್ನುತ್ತದೆ. ಇನ್ನೊಂದು ಮಾತು, ಮೀನನ್ನು ನೇರ ಒಳಗೆ ಬಿಡಬಾರದು. ಬೇರೆ ಟ್ಯಾಂಕಿನಲ್ಲಿ ಕೆಲವು ವಾರ ಇಟ್ಟು ನೋಡಬೇಕು. ಮೈಮೇಲೆ ಬಿಳಿ ಚುಕ್ಕೆ ರೋಗ ಇದ್ದರೆ ಅಲ್ಲೇ ತಾಮ್ರದ ಔಷಧಿ ಕೊಡಬಹುದು. ಹವಳ ಇರುವ ಕಡೆ ತಾಮ್ರ ಹಾಕೋ ಹಾಗಿಲ್ಲವಲ್ಲ."

ಸೀನನ ಮುಖ ಅರಳಿತು. "ಆ 20 ಲೀಟರ್ ಟ್ಯಾಂಕು ಅದಕ್ಕೆ ಆಗುತ್ತದಲ್ವಾ?"

"ಎರಡು ಪುಟ್ಟ ಮೀನಿಗೆ, ನೀರು ಆಗಾಗ ಬದಲಾಯಿಸುತ್ತಿದ್ದರೆ, ಹೂಂ."

ಅವನ ಮೀನಿನ ಪಟ್ಟಿ ಹೊರಬಂತು. ನೀಲಿ ಟ್ಯಾಂಗ್ ಅನ್ನು ನಳಿನಿಯೇ ಹೊಡೆದುಹಾಕಿದಳು. ಅದು 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ಈಜೋಕೆ ಜಾಗ ಬೇಕು. ಮ್ಯಾಂಡರಿನ್ ಮೀನನ್ನು ಪ್ರಭಣ್ಣ ಹೊಡೆದುಹಾಕಿದರು. ನೋಡಲು ಅಷ್ಟು ಚೆಂದದ ಮೀನು ಇನ್ನೊಂದಿಲ್ಲ, ಆದರೆ ಅದು ದಿನವಿಡೀ ಕೊಪೆಪಾಡ್ ಎಂಬ ಕಣ್ಣಿಗೆ ಕಂಡೂ ಕಾಣದ ಜೀವಿಗಳನ್ನೇ ಹೆಕ್ಕಿ ತಿನ್ನುತ್ತದೆ. ಹೊಸ ಟ್ಯಾಂಕಿನಲ್ಲಿ ಅವು ಸಾಕಷ್ಟು ಇರುವುದಿಲ್ಲ, ಮೀನು ಹಸಿದು ಸಾಯುತ್ತದೆ. ಕಿತ್ತಳೆ ಕ್ಲೌನ್ ಮೀನು ಉಳಿಯಿತು.

"ಜೋಡಿ ತರುತ್ತೇನೆ. ಒಂದು ಗಂಡು, ಒಂದು ಹೆಣ್ಣು" ಎಂದ ಸೀನ.

"ಎರಡು ಮರಿ ತಾ ಸಾಕು. ಎಲ್ಲವೂ ಗಂಡಾಗಿಯೇ ಬೆಳೆಯುತ್ತವೆ. ಎರಡರಲ್ಲಿ ಯಾವುದು ದೊಡ್ಡದಾಗಿ ಜೋರು ಮಾಡುತ್ತದೋ ಅದು ಹೆಣ್ಣಾಗುತ್ತದೆ. ಹೆಣ್ಣು ಸತ್ತರೆ ಉಳಿದ ಗಂಡು ಹೆಣ್ಣಾಗಿ ಬದಲಾಗುತ್ತದೆ. ಟ್ಯಾಂಕಿನಲ್ಲೇ ಹುಟ್ಟಿದ ಮರಿಗಳು ಸಿಗುತ್ತವೆ, ಅವನ್ನೇ ತಾ, ಸಮುದ್ರದಿಂದ ಹಿಡಿದದ್ದು ಬೇಡ. ಅನಿಮೋನ್ ಇಲ್ಲದಿದ್ದರೂ ಬದುಕುತ್ತವೆ. ಅನಿಮೋನ್ ತಂದರೆ ಅದು ಒಂದು ಕಡೆ ನಿಲ್ಲೋದಿಲ್ಲ, ನಡೆದುಕೊಂಡು ಹೋಗಿ ವೇವ್‌ಮೇಕರಿಗೆ ಸಿಕ್ಕಿ ಚೂರಾಗುತ್ತದೆ, ಇಡೀ ಟ್ಯಾಂಕು ಕೆಡುತ್ತದೆ."

ಗೋಪಿಗೆ ಹಿಡಿಸಿದ್ದು ಪಿಸ್ತೂಲ್ ಸೀಗಡಿ. ಈ ಸೀಗಡಿಗೆ ಕಣ್ಣು ಮಂದ, ದಿನವಿಡೀ ಬಿಲ ತೋಡುತ್ತದೆ. ಗೋಬಿ ಮೀನು ಬಿಲದ ಬಾಯಲ್ಲಿ ಕಾವಲು. ಸೀಗಡಿ ಹೊರಗೆ ಬಂದಾಗ ತನ್ನ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಅಲ್ಲಾಡಿಸುತ್ತದೆ, ಇಬ್ಬರೂ ಒಳಗೆ.

"ಒಬ್ಬ ಕೆಲಸ ಮಾಡೋದು, ಇನ್ನೊಬ್ಬ ನಿಂತು ನೋಡೋದು. ನನಗೆ ಆ ಗೋಬಿ ಕೆಲಸ ಒಗ್ಗುತ್ತದೆ" ಎಂದ.

ಹವಳಕ್ಕೆ ಬಂದಾಗ ಮಾತು ಮತ್ತೆ ನಳಿನಿಯ ಕೈಗೆ ಹೋಯಿತು. ಹವಳದ ಮೈಯೊಳಗೆ ಪಾಚಿ ಜಾತಿಯ ಜೀವಕೋಶಗಳಿವೆ, ಬೆಳಕಿನಿಂದ ಆಹಾರ ಮಾಡಿ ಹವಳಕ್ಕೆ ಕೊಡುತ್ತವೆ. ಅದಕ್ಕೇ ಇಂಥ ಟ್ಯಾಂಕಿಗೆ ನೀಲಿ ದೀಪ. ಗಟ್ಟಿ ಹವಳ ಅಸ್ಥಿಪಂಜರ ಕಟ್ಟಲು ನೀರಿನಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಅದು 400ರಿಂದ 450 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ) ಇರಬೇಕು, ಕ್ಷಾರತೆ ಡಿಕೆಎಚ್ ಎಂಬ ಅಳತೆಯಲ್ಲಿ 8ರಿಂದ 10, ಮೆಗ್ನೀಸಿಯಂ 1300ರ ಆಸುಪಾಸು. ಕಡಿಮೆಯಾದರೆ ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ಬಿಡುವವರೂ ಇದ್ದಾರೆ. ನಿಖರವಾದ ಅಂಕಿಗಿಂತ ಅದು ದಿನಾ ಒಂದೇ ಥರ ಇರುವುದು ಮುಖ್ಯ ಅಂತ ಪ್ರಭಣ್ಣ ಎರಡು ಸಲ ಹೇಳಿದರು. ಸೀನ ಶುರು ಮಾಡಬೇಕಾದದ್ದು ಮಶ್ರೂಮ್, ಲೆದರ್ ಥರದ ಮೆತ್ತನೆಯ ಹವಳಗಳಿಂದ. ಸಾಕಲು ಕಷ್ಟದ ಗಟ್ಟಿ ಹವಳ ಅಕ್ರೋಪೋರಾದ ಹೆಸರನ್ನು ಒಂದು ವರ್ಷ ಎತ್ತಬಾರದು.

"ಅಕ್ಕಪಕ್ಕ ಒತ್ತಾಗಿ ಇಟ್ಟರೆ ಚೆನ್ನಾಗಿ ಕಾಣುತ್ತದಲ್ವಾ?"

"ಹಗಲು ಕಾಣುತ್ತದೆ. ರಾತ್ರಿ ಕೆಲವು ಹವಳ ಉದ್ದನೆಯ ಕುಟುಕು ಬಳ್ಳಿ ಹೊರಗೆ ಚಾಚಿ ಪಕ್ಕದವನನ್ನು ಸುಡುತ್ತವೆ. ಒಂದು ಗೇಣು ಜಾಗ ಬಿಡು."

"ಇದರಲ್ಲಿ ಸುಮ್ನೆ ಇರೋ ಪ್ರಾಣಿ ಯಾವುದಾದರೂ ಇದೆಯಾ?" ಎಂದ ಗೋಪಿ.

"ಮುಚ್ಚಳ ಮರೆತರೆ ಫೈರ್‌ಫಿಶ್ ಇರುತ್ತದೆ, ನೆಲದ ಮೇಲೆ. ಜಾಲರಿ ಹಾಕಬೇಕು, ಹಾರುತ್ತವೆ."

ಸೀನ ಸ್ವಲ್ಪ ಹೊತ್ತು ಲೆಕ್ಕ ಹಾಕಿ ಕೇಳಿದ. "ನಾನು ಒಂದು ವಾರ ಊರಲ್ಲಿ ಇಲ್ಲದಿದ್ದರೆ ನೋಡಿಕೊಳ್ಳೋರು ಯಾರು?"

ಎಲ್ಲರೂ ಗೋಪಿಯನ್ನು ನೋಡಿದೆವು. ಅವನ ಮನೆ ಎದುರಿಗೇ ಇದೆ.

"ದಿನದ ಆಹಾರವನ್ನು ಬೇರೆ ಬೇರೆ ಪೊಟ್ಟಣ ಕಟ್ಟಿಡು" ಎಂದರು ಪ್ರಭಣ್ಣ. "ಡಬ್ಬ ಕೈಗೆ ಕೊಟ್ಟರೆ ಪಾಪ ಹಸಿದಿವೆ ಅಂತ ಅರ್ಧ ಡಬ್ಬ ಸುರಿಯುತ್ತಾನೆ. ಕರೆಂಟು ಹೋದರೆ ಬ್ಯಾಟರಿ ಏರ್‌ಪಂಪ್ ಹಾಕಬೇಕು. ಆಮೇಲೆ ಮಗುಚಿ ಬಿದ್ದ ಬಸವನಹುಳು ಇದ್ದರೆ ಎತ್ತಿ ನಿಲ್ಲಿಸಬೇಕು. ಅಸ್ಟ್ರೇಯಾ ಜಾತಿಯದು ಮರಳಿನ ಮೇಲೆ ಮಗುಚಿದರೆ ತಾನಾಗಿ ಏಳೋದು ಕಷ್ಟ, ಅಲ್ಲೇ ಸಾಯುತ್ತದೆ."

"ಪೊಟ್ಟಣ ಬಿಚ್ಚುತ್ತೇನೆ, ಪಂಪ್ ಹಾಕುತ್ತೇನೆ" ಎಂದ ಗೋಪಿ. "ಬಸವನಹುಳ ಬಿದ್ದಿದೆಯಾ ಅಂತ ಬಗ್ಗಿ ಬಗ್ಗಿ ನೋಡೋದಿಲ್ಲ."

"ಟ್ರೋಕಸ್ ಜಾತಿಯದು ತಾ ಸೀನ" ಎಂದಳು ನಳಿನಿ. "ಅದು ಬಿದ್ದರೂ ತಾನೇ ಎದ್ದುಕೊಳ್ಳುತ್ತದೆ."

"ಅದನ್ನೇ ತಾ. ಎಂಟು ತಾ" ಎಂದ ಗೋಪಿ.