ಪೈಪ್, ಮೂತ್ರ, ಬಿ.ಪಿ.: ಭಾನುವಾರದ ಪ್ರಶ್ನೋತ್ತರ

(ಬೆನ್ನುಹುರಿಗೆ ಪೆಟ್ಟಾದವರು ಮತ್ತು ಅವರ ಮನೆಯವರ ಗುಂಪು, ದಾವಣಗೆರೆ–ಚಿತ್ರದುರ್ಗ. ಉತ್ತರಿಸುವವರು ಮೂತ್ರರೋಗ ತಜ್ಞರು. ಪೈಪ್ ಎಂದರೆ ಮೂತ್ರಕೋಶದಿಂದ ಮೂತ್ರ ತೆಗೆಯುವ ಕ್ಯಾಥೆಟರ್. ಸದಸ್ಯರ ಹೆಸರಿನ ಬದಲು ಊರು ಹಾಕಿದೆ.)

ಚನ್ನಗಿರಿ: ನಮಸ್ಕಾರ ಸರ್. ನನ್ನ ತಮ್ಮ ಅಡಿಕೆ ಮರದಿಂದ ಬಿದ್ದು ಹತ್ತು ತಿಂಗಳಾಯಿತು. ಪೆಟ್ಟು ಟಿ4, ಅಂದರೆ ಬೆನ್ನುಹುರಿಯ ಎದೆಭಾಗದ ನಾಲ್ಕನೇ ಮಟ್ಟ ಎಂದು ಚೀಟಿಯಲ್ಲಿದೆ. ಹೊಟ್ಟೆ ಒತ್ತಿ ಮೂತ್ರ ಮಾಡಿಸುತ್ತಿದ್ದೇವೆ. ಈಗೀಗ ಸಂಜೆಯಾದರೆ ತಲೆ ಸಿಡಿಯುತ್ತದೆ ಎನ್ನುತ್ತಾನೆ, ಮುಖ ಕೆಂಪಾಗಿ ಬೆವರುತ್ತದೆ. ನಿನ್ನೆ ಬಿ.ಪಿ. 150 ಇತ್ತು. ಇಲ್ಲಿ ತೋರಿಸಿದಾಗ ಯೋಚನೆ ಜಾಸ್ತಿ ಎಂದು ನಿದ್ದೆ ಮಾತ್ರೆ ಕೊಟ್ಟರು. ಇವತ್ತೂ ತಲೆನೋವು ಶುರುವಾಗಿದೆ.

ಡಾಕ್ಟರ್: ಮಾಮೂಲಿ ಬಿ.ಪಿ. ಎಷ್ಟಿರುತ್ತದೆ?

ಚನ್ನಗಿರಿ: 95, 100.

ಹರಿಹರ: ಸರ್, ಪೈಪ್ ಎಷ್ಟು ದಿನಕ್ಕೆ ಬದಲಾಯಿಸಬೇಕು?

ಡಾಕ್ಟರ್: ಚನ್ನಗಿರಿಯವರೇ, ಹಾಗಾದರೆ ಅವನಿಗೆ 150 ಅಪಾಯದ ಅಂಕಿ. ಬೇರೆಯವರಲ್ಲಿ ಅಷ್ಟು ಗಾಬರಿ ಹುಟ್ಟಿಸದ ಕಾರಣ ಯಾರೂ ಲಕ್ಷ್ಯ ಕೊಟ್ಟಿಲ್ಲ. ಟಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಮೂತ್ರಕೋಶ ತುಂಬಿ ಬಿಗಿದರೆ ಪೆಟ್ಟಿನ ಕೆಳಗಿನ ನರಗಳು ಕೆರಳಿ ರಕ್ತನಾಳಗಳನ್ನು ಹಿಂಡುತ್ತವೆ. ಮಿದುಳು ಅದನ್ನು ತಡೆಯಲಾರದು, ದಾರಿಯೇ ಕಡಿದಿದೆ. ಬಿ.ಪಿ. ಒಮ್ಮೆಲೇ ಏರುತ್ತದೆ. ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯ ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಯಾವ ಆಸ್ಪತ್ರೆಗೆ ಹೋದರೂ ತೋರಿಸಿ. ಬಿಟ್ಟರೆ ಫಿಟ್ಸ್ ಬರಬಹುದು, ಮಿದುಳಿನಲ್ಲಿ ರಕ್ತಸ್ರಾವವೂ ಆಗಬಹುದು.

ಈಗ ಮಲಗಿಸಬೇಡಿ. ನೆಟ್ಟಗೆ ಕೂರಿಸಿ, ಕಾಲು ಇಳಿಬಿಡಿ. ಉಡಿದಾರ, ಲುಂಗಿಯ ಗಂಟು, ಬಿಗಿಯಾದದ್ದನ್ನೆಲ್ಲ ಸಡಿಲಿಸಿ. ಪೈಪ್ ಹಾಕಿ ಮೂತ್ರ ತೆಗೆಯಿರಿ. ಆಗಲೂ ಇಳಿಯದಿದ್ದರೆ ಮಲ ಕಟ್ಟಿರಬಹುದು, ಹಾಸಿಗೆ ಹುಣ್ಣೋ ಚುಚ್ಚಿಕೊಂಡ ಕಾಲುಗುರೋ ಇರಬಹುದು. ಹುಡುಕುತ್ತಾ ಕೂರದೆ ಗಾಡಿ ಹತ್ತಿಸಿ.

ಒತ್ತುವುದನ್ನು ಇಂದೇ ನಿಲ್ಲಿಸಿ. ಇಂಥ ಪೆಟ್ಟಿನಲ್ಲಿ ಮೂತ್ರಕೋಶ ಹಿಂಡಿದಾಗ ಕೆಳಗಿನ ಬಾಯಿ ತೆರೆಯುವ ಬದಲು ಬಿಗಿದುಕೊಳ್ಳುತ್ತದೆ. ಮೇಲಿನಿಂದ ಒತ್ತಿದರೆ ಮೂತ್ರ ಹಿಂದಕ್ಕೆ ಕಿಡ್ನಿಗೆ ನುಗ್ಗಬಹುದು. ಮನೆಯಲ್ಲಿ ಪೈಪ್ ಇದೆಯೇ? ಹಾಕಲು ಗೊತ್ತೇ?

ಚನ್ನಗಿರಿ: ಎರಡೂ ಇದೆ ಸರ್. ಆಸ್ಪತ್ರೆಯಲ್ಲಿ ಕಲಿಸಿದ್ದರು. ಅವನಿಗೆ ನಾಚಿಕೆ ಎಂದು ಬಿಟ್ಟೆವು.

ಡಾಕ್ಟರ್: ಈಗಲೇ ಹಾಕಿ. ಎಷ್ಟು ಬಂತು, ಅಳೆದು ತಿಳಿಸಿ.

ಹೊಳಲ್ಕೆರೆ: ಸರ್, ನಾನು ಮಹಿಳೆ. ಬಸ್ ನಿಲ್ದಾಣದ ಶೌಚಾಲಯದೊಳಗೆ ಗಾಲಿಕುರ್ಚಿ ಹಿಡಿಸುವುದಿಲ್ಲ. ಕುರ್ಚಿಯಲ್ಲಿ ಕುಳಿತೇ ಪೈಪ್ ಹಾಕಿಕೊಳ್ಳುವುದು ಹೇಗೆ?

ಹಿರಿಯೂರು: (ಫಾರ್ವರ್ಡ್) ಬಾಳೆದಿಂಡಿನ ರಸಕ್ಕೆ ಬಾರ್ಲಿ ನೀರು ಬೆರೆಸಿ ದಿನಕ್ಕೆ ಐದು ಲೀಟರ್ ಕುಡಿದರೆ ಸತ್ತ ನರ ಚಿಗುರುತ್ತದೆ. 21 ದಿನಗಳಲ್ಲಿ ಪೈಪ್ ಬೇಕಿಲ್ಲ. ಹತ್ತು ಜನರಿಗೆ ಕಳುಹಿಸಿ.

ಡಾಕ್ಟರ್: ಬಾಳೆದಿಂಡಿನ ಪಲ್ಯ ಮಾಡಿಕೊಂಡು ತಿನ್ನಿ, ನನ್ನ ತಕರಾರಿಲ್ಲ. ನರ ಚಿಗುರುವುದಿಲ್ಲ. ಹೊತ್ತು ಹೊತ್ತಿಗೆ ಪೈಪ್ ಹಾಕಿಕೊಳ್ಳುವವರು ಐದು ಲೀಟರ್ ಕುಡಿದರೆ ಮೂತ್ರಕೋಶ ಉಬ್ಬಿ ಈಗ ಚನ್ನಗಿರಿಯಲ್ಲಿ ಆಗುತ್ತಿರುವುದೇ ಆಗುತ್ತದೆ. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಲೀಟರ್ ನೀರು, ನಾಲ್ಕರಿಂದ ಆರು ಗಂಟೆಗೊಮ್ಮೆ ಪೈಪ್, ಒಂದು ಸಲಕ್ಕೆ ಬರುವ ಮೂತ್ರ 500 ಎಂ.ಎಲ್. ದಾಟಬಾರದು.

ಹಿರಿಯೂರು: ಒಳ್ಳೆಯದಾಗಲಿ ಎಂದು ಹಾಕಿದೆ. ನಮ್ಮ ಹಿರಿಯರು ಪೈಪ್ ಹಾಕಿಕೊಂಡು ಬದುಕಿದ್ದರೇ?

ದಾವಣಗೆರೆ: ಬದುಕಿರಲಿಲ್ಲ ಅಣ್ಣಾ. ಆಗೆಲ್ಲ ಬೆನ್ನುಹುರಿ ಹೋದವರು ಕಿಡ್ನಿ ಕೆಟ್ಟೇ ಸಾಯುತ್ತಿದ್ದರು.

ಜಗಳೂರು: ಪೈಪ್ ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು ಸರ್?

ಡಾಕ್ಟರ್: ಒಳಗೇ ಬಿಡುವ ಲೇಟೆಕ್ಸ್ ಪೈಪಾದರೆ ಮೂರು-ನಾಲ್ಕು ವಾರ. ಸಿಲಿಕೋನ್ ಇನ್ನೂ ಹೆಚ್ಚು.

ಚಳ್ಳಕೆರೆ: ಪ್ರತಿ ಸಲ ಹಾಕಿ ತೆಗೆಯುವ ಪೈಪನ್ನು ತೊಳೆದು ಬಳಸಬಹುದೇ?

ದಾವಣಗೆರೆ: ಖಂಡಿತ ಬೇಡ. ಒಂದು ಪೈಪ್, ಒಂದೇ ಸಲ. ಪ್ಯಾಕೆಟ್ ಮೇಲೇ ಬರೆದಿರುತ್ತಾರೆ.

ಚಳ್ಳಕೆರೆ: ದಿನಕ್ಕೆ ಐದರಂತೆ ತಿಂಗಳಿಗೆ ನೂರೈವತ್ತು. ಶೇಂಗಾ ಹೊಲದಲ್ಲಿ ಕೂಲಿ ಮಾಡುವವರ ಮನೆಗೆ ನೀವೇ ತಂದುಕೊಡುತ್ತೀರಾ?

ದಾವಣಗೆರೆ: ಸೋಂಕಾದರೆ ಆಸ್ಪತ್ರೆ ಖರ್ಚು ಇನ್ನೂ ಹೆಚ್ಚು ಎಂದೆ. ಸಿಟ್ಟೇಕೆ?

ಚಳ್ಳಕೆರೆ: ಪೇಟೆಯಲ್ಲಿ ಕುಳಿತು ಬುದ್ಧಿ ಹೇಳುವುದು ಸುಲಭ.

ಹಿರಿಯೂರು: ನಾನು ಮನೆಮದ್ದು ಹಾಕಿದರೆ ಮಾತ್ರ ಎಲ್ಲರೂ ಮೇಲೆ ಬೀಳುತ್ತೀರಿ.

ಡಾಕ್ಟರ್: ಹೊಸದು ಒಳ್ಳೆಯದು. ಆಗದವರು ಬಳಸಿದ ಕೂಡಲೇ ಸೋಪು ನೀರಿನಲ್ಲಿ ಒಳಗೂ ಹೊರಗೂ ತೊಳೆದು, ಶುದ್ಧ ನೀರು ಹಾಯಿಸಿ, ಒಣಗಿಸಿ, ಮುಚ್ಚಳದ ಡಬ್ಬಿಯಲ್ಲಿಡಿ. ಬಿರುಸಾದರೆ, ಬಿರುಕು ಬಿಟ್ಟರೆ ಎಸೆಯಿರಿ. 1972ರಲ್ಲಿ ಅಮೆರಿಕದ ಮಿಷಿಗನ್‌ನ ಡಾ. ಜ್ಯಾಕ್ ಲ್ಯಾಪಿಡಿಸ್ ಹೊತ್ತು ಹೊತ್ತಿಗೆ ಪೈಪ್ ಹಾಕಿ ತೆಗೆಯುವ ಈ ಪದ್ಧತಿಯನ್ನು ಮುಂದಿಟ್ಟಾಗ ಹೇಳಿದ್ದೂ ಇದನ್ನೇ: ಆಪರೇಷನ್ ಕೊಠಡಿಯ ಶುಚಿತ್ವ ಬೇಕಿಲ್ಲ, ತೊಳೆದ ಕೈ ಸಾಕು, ಹೊತ್ತು ತಪ್ಪಬಾರದು. ಕೊಬ್ಬರಿ ಎಣ್ಣೆ ಸವರಬೇಡಿ, ಜೆಲ್ಲಿ ಬಳಸಿ. ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಮೊಳಕಾಲ್ಮೂರು: ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಬಂದಿದೆ. ಜ್ವರ, ಚಳಿ, ನೋವು ಏನೂ ಇಲ್ಲ.

ಡಾಕ್ಟರ್: ಹಾಗಿದ್ದರೆ ಆ್ಯಂಟಿಬಯೋಟಿಕ್ ಬೇಡ. ಪೈಪ್ ಬಳಸುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ.

ಹರಿಹರ: ಪೈಪ್ ಎಷ್ಟು ದಿನಕ್ಕೆ...

ಡಾಕ್ಟರ್: ಮೇಲೆ ಓದಿ.

ಹೊಳಲ್ಕೆರೆ: ನನ್ನ ಪ್ರಶ್ನೆಯೂ ಮೇಲೆಯೇ ಇದೆ.

ಚನ್ನಗಿರಿ: ಸರ್, 700 ಎಂ.ಎಲ್. ಬಂತು. ಅದಕ್ಕೆ ಮೊದಲು ಒತ್ತಿ ಮಾಡಿಸಿಯೇ ಇದ್ದೆವು! ತಲೆನೋವು ಇಳಿದಿದೆ. ಬಿ.ಪಿ. 104.

ಡಾಕ್ಟರ್: ರಾತ್ರಿ ಮಲಗುವ ಮುನ್ನ ಇನ್ನೊಮ್ಮೆ ಪೈಪ್ ಹಾಕಿ. ಕಿಡ್ನಿ ಸ್ಕ್ಯಾನ್ ಆಗಬೇಕು. ಕಿಡ್ನಿಗೆಂದು ಮಾಡುವ ರಕ್ತಪರೀಕ್ಷೆ ಕ್ರಿಯಾಟಿನಿನ್ ಒಂದನ್ನೇ ನಂಬಬೇಡಿ, ಮಾಂಸಖಂಡ ಕರಗಿದವರಲ್ಲಿ ಅದು ಕಡಿಮೆಯೇ ತೋರಿಸುತ್ತದೆ. ಮಂಗಳವಾರ ಕರೆತನ್ನಿ.

ಚನ್ನಗಿರಿ: ಮಂಗಳವಾರ ಅಮಾವಾಸ್ಯೆ ಸರ್, ಅಮ್ಮ ಹೊರಡಿಸುವುದಿಲ್ಲ.

ಡಾಕ್ಟರ್: ಹಾಗಾದರೆ ನಾಳೆಯೇ ಬನ್ನಿ.