ಒಂದು ಕೈ ಬೀಸಬೇಡ ಅಂತ ಹೇಳು ಅವನಿಗೆ

ಮಗಳೇ, ಬೆಳಿಗ್ಗೆ ಗ್ರೂಪಿನಲ್ಲಿ ನೀನು ಹಾಕಿದ್ದು ಈಗ ನೋಡಿದೆ. ಹುಡುಗ ಮೊದಲ ಸಲ ಆಳಸಮುದ್ರದ ಬೋಟಿಗೆ ಹೋಗುತ್ತಿದ್ದಾನೆ, ಹತ್ತು ದಿನ ಬರುವುದಿಲ್ಲ, ಫೋನೂ ಸಿಗುವುದಿಲ್ಲ, ಏನಾದರೂ ಆದರೆ ಯಾರಿಗೆ ಹೇಗೆ ತಿಳಿಸುತ್ತಾರೆ ಮಾವ ಅಂತ ಕೇಳಿದ್ದೀಯ. ನಿನ್ನ ಅಮ್ಮನೂ ನನಗೆ ಇದೇ ಕೇಳುತ್ತಿದ್ದಳು. ಟೈಪ್ ಮಾಡುವುದು ನನಗೆ ಆಗುವುದಿಲ್ಲ, ಹೇಳಿಯೇ ಬಿಡುತ್ತೇನೆ. ಉದ್ದ ಆಗುತ್ತದೆ, ಆದರೂ ಪೂರ್ತಿ ಕೇಳು. ಅವನಿಗೂ ಕೇಳಿಸು.

ಕಡಲಿನ ವಿಷಯ ನಿನಗೆ ಹೊಸದಾಗಿ ಹೇಳಬೇಕಾಗಿಲ್ಲ. ನೀನು ಬೋಟು ಕಟ್ಟುವ ದಕ್ಕೆಯ ಮೇಲೆಯೇ ಬೆಳೆದವಳು. ಆದರೆ ನೇತ್ರಾಣಿ ದ್ವೀಪದ ಹತ್ತಿರದ ನನ್ನ ಆ ಕತೆ ಇದೆಯಲ್ಲ, ಅದನ್ನು ಮನೆಯಲ್ಲಿ ಎಲ್ಲರೂ ಅರ್ಧ ಕೇಳಿದ್ದೀರಿ. ಬದುಕಿ ಬಂದೆವು ಅನ್ನುವುದು ಮಾತ್ರ ಗೊತ್ತು. ಹತ್ತಿರ ಬಂದ ಸಹಾಯ ಹೇಗೆ ಕೈತಪ್ಪಿತು ಅನ್ನುವುದು ಯಾರಿಗೂ ಗೊತ್ತಿಲ್ಲ.

ಆಗ ನಾನು ಗಂಗೊಳ್ಳಿಯ ಬೋಟಿನಲ್ಲಿ ಕಲಾಸಿ, ಅಂದರೆ ಬೋಟಿನ ಕೆಲಸದವನು. ಮಳೆಗಾಲ ಮುಗಿದಿತ್ತು, ಆದರೂ ಗಾಳಿ ಪೂರ್ತಿ ಇಳಿದಿರಲಿಲ್ಲ. ನಾವು ಏಳು ಜನ. ಭಟ್ಕಳದ ಆಚೆ, ನೇತ್ರಾಣಿ ಗುಡ್ಡ ಮೂಡಣಕ್ಕೆ ಸಣ್ಣಗೆ ಕಾಣುವಷ್ಟು ಹೊರಗೆ ಇದ್ದೆವು. ನೀರೊಳಗೆ ತಿರುಗಿ ಬೋಟನ್ನು ತಳ್ಳುವ ಫ್ಯಾನಿಗೆ ಬಲೆ ಸುತ್ತಿತು. ಬಿಡಿಸಲು ಹೋದವನ ಕೈ ಕೊಯ್ದು ಹೋಯಿತು. ಇಂಜಿನ್ ನಿಂತಿತು. ಬೋಟಿನಲ್ಲಿ ವಯರ್‌ಲೆಸ್ ಇರಲಿಲ್ಲ. ನೀರು ಎಳೆದ ಕಡೆಗೆ ಬೋಟು. ಅಡಿಯಿಂದ ನೀರು ಬರುತ್ತಿತ್ತು, ಸರದಿ ಮೇಲೆ ಬಾಲ್ದಿಯಲ್ಲಿ ಮೊಗೆದು ಹಾಕುತ್ತಿದ್ದೆವು.

ಎರಡನೇ ದಿನ ಮಧ್ಯಾಹ್ನ ಒಂದು ಬೋಟು ಬಂತು. ಎಷ್ಟು ಹತ್ತಿರ ಅಂದರೆ, ಅದರ ಹಿಂಬದಿಯಲ್ಲಿ ಒಬ್ಬ ಗಂಜಿ ಪಾತ್ರೆಗೆ ಸೌಟು ಹಾಕಿ ತಿರುಗಿಸುತ್ತಿದ್ದುದು ಕಾಣುತ್ತಿತ್ತು. ಅವರ ಇಂಜಿನ್ ಶಬ್ದಕ್ಕೆ ನಮ್ಮ ಕೂಗು ಕೇಳುವುದಿಲ್ಲ. ನಾವೆಲ್ಲ ಬೈರಾಸು ಹಿಡಿದು ಬೀಸಿದೆವು. ನಾನಂತೂ ಕುಣಿದು ಕುಣಿದು ಬೀಸಿದೆ. ಅವನು ತಲೆ ಎತ್ತಿ ನೋಡಿದ. ನಕ್ಕ. ಸೌಟು ಹಿಡಿದ ಕೈಯನ್ನೇ ಎತ್ತಿ ನಮಗೆ ತಿರುಗಿ ಬೀಸಿದ. ಮತ್ತೆ ಗಂಜಿಗೆ ಬಗ್ಗಿದ. ಬೋಟು ಹೋಯಿತು.

ಆ ಸೌಟು ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ ಮಗಳೇ. ಅದರ ತುದಿಯಿಂದ ಗಂಜಿ ತೊಟ್ಟಿಕ್ಕುತ್ತಿತ್ತು.

ಆ ರಾತ್ರಿ ಬೋಟು ನಡೆಸುವ ನಮ್ಮ ತಾಂಡೇಲ, ನಿನ್ನ ಸಣ್ಣಜ್ಜನೇ, ಗೋಣಿಚೀಲವನ್ನು ಡೀಸೆಲ್‌ನಲ್ಲಿ ಅದ್ದಿ, ತಗಡಿನ ಡಬ್ಬಿಯಲ್ಲಿ ಹಾಕಿ ಬೆಂಕಿ ಕೊಟ್ಟ. ಒಂದು ಆರಿದರೆ ಇನ್ನೊಂದು. ಬೆಳಗಿನ ಜಾವ ಭಟ್ಕಳ ಕಡೆಯ ಬೋಟೊಂದು ಆ ಬೆಂಕಿ ನೋಡಿ ಬಂತು. ಬೋಟಿನಲ್ಲಿ ಬೆಂಕಿ ಉರಿದರೆ ಅದು ಕಷ್ಟದ ಗುರುತು ಅಂತ ಎಲ್ಲ ದೇಶದವರೂ ಒಪ್ಪಿದ ಲೆಕ್ಕ ಇದೆ. ನಮಗೆ ಅದು ಗೊತ್ತಿರಲಿಲ್ಲ, ಬೇರೆ ದಾರಿ ಇಲ್ಲದೆ ಮಾಡಿದ್ದು.

ಮರುವರ್ಷ ಮಲ್ಪೆಯಲ್ಲಿ ಆ ಸೌಟಿನವನು ಸಿಕ್ಕಿದ. ವಿಷಯ ಗೊತ್ತಾಗಿ ನನ್ನ ಕೈ ಹಿಡಿದು ಅತ್ತ. ‘ನೀವು ಕೈ ಬೀಸಿದಿರಿ, ನಾನೂ ಬೀಸಿದೆ. ಒಳ್ಳೆ ಮೀನು ಬಿದ್ದಿರಬೇಕು ಅಂದುಕೊಂಡೆ’ ಅಂದ. ಅವನದು ಏನು ತಪ್ಪು ಹೇಳು? ಕಡಲಲ್ಲಿ ಎದುರು ಸಿಕ್ಕ ಬೋಟಿಗೆ ಕೈ ಬೀಸುವುದು ನಮ್ಮ ಪದ್ಧತಿ ಅಲ್ವಾ?

ಅದಕ್ಕೇ ಹೇಳುತ್ತೇನೆ. ಒಂದು ಕೈ ಬೀಸಬೇಡ ಅಂತ ಹೇಳು ಅವನಿಗೆ. ಒಂದು ಕೈ ಬೀಸಿದರೆ ನಮಸ್ಕಾರ. ಎರಡೂ ಕೈ ಎರಡು ಬದಿಗೆ ಪೂರ್ತಿ ಚಾಚಬೇಕು. ನಿಧಾನಕ್ಕೆ ಮೇಲೆತ್ತಬೇಕು, ನಿಧಾನಕ್ಕೆ ಇಳಿಸಬೇಕು, ಮತ್ತೆ ಮತ್ತೆ. ಕೊಕ್ಕರೆ ಗದ್ದೆಯಿಂದ ಏಳುವಾಗ ರೆಕ್ಕೆ ಆಡಿಸುತ್ತದಲ್ಲ, ಹಾಗೆ. ಅವಸರ ಮಾಡಬಾರದು, ಕುಣಿಯಬಾರದು. ಇದನ್ನು ನನಗೆ ಎಷ್ಟೋ ವರ್ಷದ ಮೇಲೆ ಕೋಸ್ಟ್ ಗಾರ್ಡಿನ ಹುಡುಗನೊಬ್ಬ ದಕ್ಕೆಯಲ್ಲಿ ನಿಂತು ಮಾಡಿ ತೋರಿಸಿದ. ನನಗೆ ಅಲ್ಲಿಯೇ ಕಣ್ಣಲ್ಲಿ ನೀರು ಬಂತು. ಅಷ್ಟು ಸಣ್ಣ ವಿಷಯ.

ಈಗ ಕಾಲ ಹಾಗಿಲ್ಲ ಮಾವ, ಮಿಷಿನ್ ಎಲ್ಲ ಇದೆ ಅಂತ ನಿನ್ನ ಅಣ್ಣ ಬರೆದಿದ್ದಾನೆ. ಇದೆ, ನಾನು ಇಲ್ಲ ಅನ್ನುವುದಿಲ್ಲ. ಇಸ್ರೋದವರು ಮಾಡಿದ ಡ್ಯಾಟ್ ಅನ್ನುವ ಪೆಟ್ಟಿಗೆ 2010ರಿಂದಲೇ ಇದೆ. ಬಟನ್ ಒತ್ತಿದರೆ ಬೋಟು ಎಲ್ಲಿದೆ ಅನ್ನುವುದು ಸ್ಯಾಟಲೈಟ್ ಮೂಲಕ ಕೋಸ್ಟ್ ಗಾರ್ಡಿಗೆ ಹೋಗುತ್ತದೆ. 2024ರಲ್ಲಿ ಬಂದ ಹೊಸದರಲ್ಲಿ, ನಿಮ್ಮ ಕರೆ ಮುಟ್ಟಿದೆ ಅಂತ ತಿರುಗಿ ಉತ್ತರವೂ ಬರುತ್ತದೆ. ಎಷ್ಟು ಧೈರ್ಯ ಅದು! ನಮಗೆ ಆ ದಿನ ಅಷ್ಟು ಗೊತ್ತಾಗಿದ್ದರೆ ಸಾಕಿತ್ತು, ಯಾರೋ ಬರುತ್ತಿದ್ದಾರೆ ಅಂತ.

ಆದರೆ ಕೊಟ್ಟವರು ಹೇಗೆ ಕೊಟ್ಟರು? ನಮ್ಮ ಬೋಟಿಗೆ ಅಂತ ಪೆಟ್ಟಿಗೆ ಕೊಟ್ಟ ದಿನ ನಾನೇ ಹೋಗಿದ್ದೆ. ಸಾಲಾಗಿ ನಿಲ್ಲಿಸಿದರು, ಕೈಗೆ ಕೊಟ್ಟರು, ಫೋಟೋ ತೆಗೆದರು, ಸಹಿ ಹಾಕಿಸಿದರು. ಮುಗಿಯಿತು. ಯಾವ ಬಟನ್ ಯಾವುದಕ್ಕೆ ಅಂತ ಒಬ್ಬರೂ ಹೇಳಲಿಲ್ಲ. ಆಫೀಸಿಗೆ ಮೂರು ಸಲ ಹೋಗಿ ಕೇಳಿದೆ. ಪುಸ್ತಕ ಇದೆಯಲ್ಲ, ಓದಿಕೊಳ್ಳಿ ಅಂದರು. ಪುಸ್ತಕ ಪೂರ್ತಿ ಇಂಗ್ಲಿಷ್. ಕಡಲಿಗೆ ಹೋಗುವವರ ಪುಸ್ತಕ ಕಡಲಿನವರ ಭಾಷೆಯಲ್ಲಿ ಇರಬೇಡವಾ? ಕೊನೆಗೆ ಏನಾಯಿತು ಗೊತ್ತಾ? ಕಳೆದುಹೋದರೆ ನಾವೇ ಉತ್ತರ ಕೊಡಬೇಕು ಅಂತ ಹೆದರಿ, ಮನೆಯವರು ಆ ಪೆಟ್ಟಿಗೆಯನ್ನು ಮನೆಯ ಕಪಾಟಿನಲ್ಲಿ, ಸೀರೆಗಳ ಮೇಲೆ, ಪ್ಲಾಸ್ಟಿಕ್ ಬಿಚ್ಚದೆ ಇಟ್ಟಿದ್ದರು. ಬೋಟು ಕಡಲಲ್ಲಿ, ಪೆಟ್ಟಿಗೆ ಕಪಾಟಿನಲ್ಲಿ! ನಾನು ಬೈದ ಮೇಲೆ ಬೋಟಿಗೆ ಹೋಯಿತು.

ಇನ್ನು ಆ ಲೈಟ್ ಫಿಶಿಂಗ್, ರಾತ್ರಿ ದೊಡ್ಡ ದೊಡ್ಡ ದೀಪ ಉರಿಸಿ ಮೀನು ಸೆಳೆದು ಹಿಡಿಯುವುದು. 2017ರಲ್ಲೇ ಕೇಂದ್ರ ಸರಕಾರ ನಿಷೇಧ ಮಾಡಿದೆ, ಆದರೂ ನಡೆಯುತ್ತಿದೆ. ಅಂಥ ಬೆಳಕಿನ ನಡುವೆ ಬಡಪಾಯಿ ಒಬ್ಬ ಬೆಂಕಿ ಹಚ್ಚಿದರೆ ಯಾರಿಗೆ ಕಾಣಬೇಕು? ಹೇಳಿ ಹೇಳಿ ನನ್ನ ಗಂಟಲು ಹೋಯಿತು. ಬಿಡು, ಅದು ಇನ್ನೊಂದು ದಿನ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವೇ ಹೇಳಲಿಲ್ಲ. ಬರೆದುಕೋ.

ವಯರ್‌ಲೆಸ್‌ನಲ್ಲಿ ಚಾನೆಲ್ 16. ಬಟನ್ ಒತ್ತಿ ಹಿಡಿದು ‘ಮೇಡೇ, ಮೇಡೇ, ಮೇಡೇ’ ಅಂತ ಮೂರು ಸಲ. ಆಮೇಲೆ ಬೋಟಿನ ಹೆಸರು, ನಂಬರ್, ಜಿಪಿಎಸ್‌ನಲ್ಲಿ ಕಾಣುವ ಅಂಕೆ, ಏನಾಗಿದೆ, ಎಷ್ಟು ಜನ ಇದ್ದೇವೆ. ಅಷ್ಟು ಹೇಳಿ ಬಟನ್ ಬಿಡಬೇಕು, ಬಿಡದಿದ್ದರೆ ಆಚೆಯವರ ಮಾತು ಕೇಳುವುದಿಲ್ಲ. ಹೆದರಿಕೆಯಲ್ಲಿ ಬಾಯಿಗೆ ‘ಅಯ್ಯೋ’ ಬಿಟ್ಟು ಬೇರೆ ಬರುವುದಿಲ್ಲ. ಅದಕ್ಕೆ ಇವತ್ತೇ ಮನೆಯಲ್ಲಿ ಅವನ ಹತ್ತಿರ ಗಟ್ಟಿಯಾಗಿ ನಾಲ್ಕು ಸಲ ಹೇಳಿಸು. ಫೋನು ಸಿಗುವ ಜಾಗವಾದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಪೊಲೀಸ್ 1093. ಎರಡೂ ನಿನ್ನ ಫೋನಿನಲ್ಲೂ ಇರಲಿ.

ಫ್ಲೇರ್, ಅಂದರೆ ಕಷ್ಟದ ಗುರುತಿಗೆ ಉರಿಸುವ ಬೆಳಕು, ಇದ್ದರೆ, ಮೇಲೆ ಹಾರುವ ರಾಕೆಟ್ ಸುಮಾರು 300 ಮೀಟರ್ ಏರಿ 40 ಸೆಕೆಂಡ್ ಉರಿಯುತ್ತದೆ. ಕೈಯಲ್ಲಿ ಹಿಡಿಯುವುದು ಒಂದು ನಿಮಿಷ. ಹಗಲಿಗೆ ಕಿತ್ತಳೆ ಬಣ್ಣದ ಹೊಗೆ. ಕೈಯಲ್ಲಿ ಹಿಡಿಯುವುದನ್ನು ಬೋಟೋ ಹೆಲಿಕಾಪ್ಟರೋ ಹತ್ತಿರ ಇದೆ ಅಂತ ಗೊತ್ತಾದಾಗ ಮಾತ್ರ ಹಚ್ಚಬೇಕು, ಗಾಳಿ ಹೋಗುವ ಬದಿಯಲ್ಲಿ, ಕೈ ಬೋಟಿನ ಹೊರಗೆ ಚಾಚಿ. ಅದರ ಮೇಲೆ ಬರೆದ ತಾರೀಕು ದಾಟಿದ್ದರೆ ನಂಬಬೇಡಿ. ದೀಪಾವಳಿಗೆ ಹಾರಿಸುವ ಹುಡುಗರ ಜೊತೆ ಅವನು ಸೇರುವುದು ಬೇಡ. ಮತ್ತೆ, ದೂರದಲ್ಲಿ ಕೆಂಪು ಬೆಳಕು ನಿಧಾನಕ್ಕೆ ಇಳಿಯುವುದು ಅವನಿಗೇ ಕಂಡರೆ ಸುಮ್ನೆ ನೋಡಿ ಮಲಗಬಾರದು. ತಾಂಡೇಲನನ್ನು ಎಬ್ಬಿಸಬೇಕು, ವಯರ್‌ಲೆಸ್‌ನಲ್ಲಿ ಹೇಳಬೇಕು.

ಇವೆಲ್ಲ ಮರೆತರೂ ಇದೊಂದು ಮರೆಯದಿರಲಿ. ಎರಡೂ ಕೈ, ನಿಧಾನ. ಒಂದು ಕೈ ಬೀಸಬೇಡ.

ನಾಳೆ ಬೋಟು ಎಷ್ಟು ಗಂಟೆಗೆ ಬಿಡುತ್ತದೆ ಅಂತ ಹಾಕು. ನಾನು ದಕ್ಕೆಗೆ ಬರುತ್ತೇನೆ. ಆ ಪೆಟ್ಟಿಗೆ ಬೋಟಿನಲ್ಲಿ ಎಲ್ಲಿ ಇಟ್ಟಿದ್ದಾರೆ ಅಂತ ಅವನ ತಾಂಡೇಲನ ಹತ್ತಿರ ನಾನೇ ಕೇಳಿ, ಕಣ್ಣಾರೆ ನೋಡಿ, ನಿನಗೆ ಫೋನ್ ಮಾಡುತ್ತೇನೆ.