‘ಗಾಯ ಮಾಯ್ದದ’ ಅಂದಮೇಲೂ ಜಗ್ಗುವ ಚರ್ಮಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಾನು ಕಲಬುರಗಿಯಲ್ಲಿ ಫಿಸಿಯೋಥೆರಪಿ ಮಾಡುವವಳು. ಸುಟ್ಟಗಾಯದವರು ಮನೆಗೆ ಹೊರಟಾಗ ಕೈಗೆ ಕೊಡಲು ಒಂದು ಪುಟದ ಚೀಟಿ ಬರೆಯುತ್ತಿದ್ದೇನೆ. ‘ಕಾಂಟ್ರಾಕ್ಚರ್’ ಅನ್ನುವ ಪದಕ್ಕೆ ಕನ್ನಡದಲ್ಲಿ ಏನು ಬರೆಯಲಿ ಅಂತ ನಿಂತಿದ್ದೇನೆ.

ಆಳವಾಗಿ ಸುಟ್ಟ ಗಾಯ ಮುಚ್ಚಿದ ಮೇಲೂ ಅಲ್ಲಿನ ಚರ್ಮ ಸುಮ್ಮನಿರುವುದಿಲ್ಲ. ತಿಂಗಳುಗಟ್ಟಲೆ ಗಟ್ಟಿಯಾಗುತ್ತಾ, ಗಿಡ್ಡವಾಗುತ್ತಾ ಹೋಗುತ್ತದೆ. ಇದೇ ಕಾಂಟ್ರಾಕ್ಚರ್. ಕಂಕುಳಲ್ಲಾದರೆ ಕೈ ಮೇಲೇಳುವುದಿಲ್ಲ. ಕುತ್ತಿಗೆಯಲ್ಲಾದರೆ ಗದ್ದ ಎದೆಗೆ ಬರುತ್ತದೆ. ಅದಕ್ಕೇ ಸ್ಪ್ಲಿಂಟ್ (ಆ ಭಾಗ ಬಾಗದಂತೆ ಹಿಡಿದಿಡುವ ಗಟ್ಟಿ ಆಧಾರ), ಬಿಗಿ ಬಟ್ಟೆ, ದಿನಾ ವ್ಯಾಯಾಮ. ವರ್ಷವೇ ಹಿಡಿಯಬಹುದು.

ಆದರೆ ನಮ್ಮ ಕಡೆ ‘ಗಾಯ ಮಾಯ್ದದ’ ಅಂದರೆ ಮುಗೀತು. ಜೇವರ್ಗಿ ಕಡೆಯ ಒಬ್ಬ ಅಕ್ಕನ ಸೆರಗಿಗೆ ಒಲೆಯ ಬೆಂಕಿ ಹತ್ತಿ ಕುತ್ತಿಗೆ ಸುಟ್ಟಿತ್ತು. ‘ಮಾಯ್ದದಲ್ರೀ, ಮತ್ಯಾಕ ಹಾಕ್ಕೋಬೇಕು?’ ಅಂತ ಸ್ಪ್ಲಿಂಟ್ ತೆಗೆದಿಟ್ಟರು. ಅವರ ತಾಯಿ ಪ್ರೀತಿಯಿಂದ ತಲೆದಿಂಬು ಕೊಟ್ಟರು. ಕುತ್ತಿಗೆ ಬಾಗಿದ್ದರೆ ನೋವು ಕಡಿಮೆ ಅಲ್ವಾ? ಚರ್ಮ ಹಾಗೇ ಗಿಡ್ಡವಾಯಿತು. ಈಗ ತಂಬಿಗೆ ಎತ್ತಿ ನೀರು ಕುಡಿಯಲು ಅವರು ಸೊಂಟದಿಂದಲೇ ಹಿಂದಕ್ಕೆ ವಾಲುತ್ತಾರೆ.

‘ಸಂಕೋಚನ’ ಬರೆಯಬಹುದು. ಕೇಳಿದವರಿಗೆ ಮೊದಲು ನೆನಪಾಗುವುದು ಸಂಕೋಚ, ನಾಚಿಕೆ. ಮುಖ, ಕುತ್ತಿಗೆ ಸುಟ್ಟ ಹೆಣ್ಣುಮಗಳ ಎದುರು ಆ ಪದ ಹೇಳಲು ನನಗೆ ಬಾಯಿ ಬರುವುದಿಲ್ಲ.

ಪದ ಕೊಟ್ಟವರು ಆ ಅಕ್ಕನೇ: ‘ಒಳಗಿಂದ ತೊಗಲು ಜಗ್ಗಲತ್ತದ್ರೀ.’ ಅಲ್ಲಿಂದ ‘ಜಗ್ಗುಕಲೆ’ ಅಂತ ಮಾಡಿದ್ದೇನೆ; ಕಲೆ ಅಂದರೆ ಗಾಯದ ಗುರುತು. ನಮಗೆ ಜಗ್ಗು ಅಂದರೆ ಎಳೆ, ಹಗ್ಗ ಜಗ್ಗಿದ ಹಾಗೆ. ಮೈಸೂರು ಕಡೆ ‘ಬೆದರಿಕೆಗೆ ಜಗ್ಗಲಿಲ್ಲ’ ಅಂತಾರೆ, ಅಲ್ಲಿ ಅದು ಮಣಿಯುವುದು. ಮಂಚ ಜಗ್ಗಿದೆ ಅಂದರೆ ಕುಸಿದಿದೆ. ಹಾಗಾದರೆ ಬಿಗಿಯುವ ಚರ್ಮ ಅವರಿಗೆ ಸಡಿಲ ಚರ್ಮ ಅಂತ ಕೇಳಿಸುತ್ತದಾ? ಇದೇ ನನ್ನ ಮುಖ್ಯ ಪ್ರಶ್ನೆ.

ಚೀಟಿಯ ಇನ್ನೊಂದು ಪದ ‘ಕಸಿ’ಯಲ್ಲಿ ಇಷ್ಟು ಕಷ್ಟವಿಲ್ಲ. ಮಾವಿನ ಕಸಿ ಕಂಡವರಿಗೆ ಚರ್ಮದ ಕಸಿ ಬೇಗ ತಿಳಿಯುತ್ತದೆ. ಆದರೆ ಮಾವಿಗೆ ಕಡ್ಡಿ ಬೇರೆ ಗಿಡದ್ದು. ಹಾಗಾಗಿ ‘ಯಾರ ತೊಗಲ್ರೀ?’ ಅಂತ ಹೆದರುತ್ತಾರೆ. ‘ನಿಮ್ಮದೇ ತೊಡೆಯ ತೆಳ್ಳನೆ ಪದರ, ತೆಗೆದ ಜಾಗ ಎರಡು ವಾರದ ಹೊತ್ತಿಗೆ ತಾನೇ ಮಾಯುತ್ತದೆ’ ಅಂತ ಸೇರಿಸಿದ್ದೇನೆ.

‘ಪ್ಲಾಸ್ಟಿಕ್ ಸರ್ಜರಿ’ಯನ್ನು ಹಾಗೇ ಬಿಟ್ಟಿದ್ದೇನೆ. ಒಳಗೆ ಪ್ಲಾಸ್ಟಿಕ್ ಇಡ್ತಾರಾ ಅಂತ ಕೇಳುವವರು ಜಾಸ್ತಿ. ಆದರೆ ಗ್ರೀಕ್ ಮೂಲದಲ್ಲಿ ಅದು ರೂಪ ಕೊಡುವುದು. ಜರ್ಮನಿಯ ಶಸ್ತ್ರವೈದ್ಯ ಗ್ರೇಫೆ ಮೂಗಿನ ಶಸ್ತ್ರಚಿಕಿತ್ಸೆಗೆ ಈ ಪದ ಬಳಸಿದ್ದು 1818ರಲ್ಲಿ, ಪೂರ್ತಿ ಕೃತಕವಾದ ಮೊದಲ ಪ್ಲಾಸ್ಟಿಕ್ ಬೇಕಲೈಟ್ ಬಂದದ್ದು 1907ರಲ್ಲಿ. ಕನ್ನಡದಲ್ಲಿ ಅದಕ್ಕೆ ಹೇಳುವ ‘ಸುರೂಪಿಕಾ’ ಅಂದರೆ ಚೆಂದಕ್ಕೆ ಮಾಡಿಸುವುದು ಅನ್ನಿಸುತ್ತದೆ. ಆ ಅಕ್ಕನಿಗೆ ಬೇಕಿರುವುದು ಕುತ್ತಿಗೆ ಎತ್ತುವುದು.

ಬೀದರ್, ಯಾದಗಿರಿಯವರೇ, ಗಾಯ ಮಾಯ್ದ ಮೇಲೂ ಚರ್ಮ ಎಳೆಯುತ್ತಿದ್ದರೆ ನಿಮ್ಮ ಮನೆಯ ಹಿರಿಯರು ಏನಂತಾರೆ? ಚೀಟಿ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.